ನೆಲೆಗೆಟ್ಟವರೂ ದಾಸೋಹವೂ

ಹಸಿದು ಬಂದವನಿಗೆ ಅನ್ನವಿಕ್ಕುವುದು ಗೃಹಸ್ಥಧರ್ಮವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉಂಡೆದ್ದು ಹಿಂದಿರುಗಲು ಮನೆಯೇ ಇಲ್ಲದವನು ಬಾಗಿಲಿಗೆ ಬಂದಾಗ ಗೃಹಸ್ಥನ ಕರ್ತವ್ಯವೇನು? ಒಂದು ಹೊತ್ತಿನ ಊಟದಿಂದ ಅವನ ಕೊರತೆ ತೀರದು. ಅವನು ಕಳೆದುಕೊಂಡಿರುವುದು ಅನ್ನವನ್ನಷ್ಟೇ ಅಲ್ಲ. ನೆರೆಹೊರೆಯನ್ನು, ಕಸುಬನ್ನು, ಹಬ್ಬಹುಣ್ಣಿಮೆಗಳನ್ನು, ತನ್ನ ಮಾತನ್ನು ಅರಿಯುವ ಕಿವಿಗಳನ್ನು. ಇವನ್ನು ಜೋಳಿಗೆಗೆ ಹಾಕಿ ಕೊಡಲು ಬರುವುದಿಲ್ಲ. ಹಾಗಾದರೆ ನೆಲೆಗೆಟ್ಟವರಿಗೆ ನೆಲೆ ಕೊಡುವುದೆಂದರೆ ಏನು? ಇದನ್ನು ಶರಣಧರ್ಮದ ಬೆಳಕಿನಲ್ಲಿ ವಿಚಾರಿಸುವುದು ಉಚಿತ.

ಈ ಪ್ರಶ್ನೆ ದೂರದೇಶದ್ದಲ್ಲ. ಹನೂರಿನಿಂದ ಲೊಕ್ಕನಹಳ್ಳಿಯ ಮಾರ್ಗವಾಗಿ ಹೋದರೆ ಒಡೆಯರಪಾಳ್ಯದ ಬಳಿ, ಕಾಡಿನ ಅಂಚಿನಲ್ಲಿ, ಟಿಬೆಟಿಯನ್ನರ ಧೋಂಡೆನ್‌ಲಿಂಗ್ ನೆಲೆವೀಡು ಕಾಣುತ್ತದೆ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದಾಗ ಅವರ ಹಿಂದೆ ಸಹಸ್ರಾರು ಜನ ಹಿಮಾಲಯವನ್ನು ದಾಟಿ ಬಂದರು. ಮೊದಲ ವರ್ಷಗಳಲ್ಲಿ ಅವರಲ್ಲಿ ಅನೇಕರು ಬೆಟ್ಟದ ರಸ್ತೆಗಳಲ್ಲಿ ಕಲ್ಲೊಡೆದು ಹೊಟ್ಟೆ ಹೊರೆದರು. ಬಳಿಕ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿಯೂ, ಅನಂತರ ಮುಂಡಗೋಡದಲ್ಲಿಯೂ ಅವರಿಗೆ ಭೂಮಿಯನ್ನು ಕೊಟ್ಟಿತು. ಈ ಕಾರ್ಯದಲ್ಲಿ ಎಸ್. ನಿಜಲಿಂಗಪ್ಪನವರು ನೀಡಿದ ನೆರವನ್ನು ದಲೈ ಲಾಮಾ ಅವರು ಅನೇಕ ಸಲ ಸ್ಮರಿಸಿದ್ದಾರೆ. 1974ರಲ್ಲಿ ಅಂದಿನ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಒಡೆಯರಪಾಳ್ಯದಲ್ಲಿ ಈ ನೆಲೆವೀಡು ಆರಂಭವಾಯಿತು.

ಹಿಮದ ನಾಡಿನಿಂದ ಬಂದವರಿಗೆ ಇಲ್ಲಿಯ ಬಿಸಿಲು ಹೊಸದು. ಮಳೆಯನ್ನು ನೆಚ್ಚಿದ ಮುಸುಕಿನ ಜೋಳದ ಬೇಸಾಯ ಹೊಸದು. ಬೆಳೆದ ಪೈರನ್ನು ರಾತ್ರಿ ತುಳಿದು ಹೋಗುವ ಆನೆಗಳ ಕಾಟವೂ ಹೊಸದು. ಆದರೂ ಆ ಬೀಡು ಒಂದು ಊರಾಯಿತು. ಹೇಗೆ ಆಯಿತು? ಭೂಮಿಯನ್ನು ಕುಟುಂಬಗಳಿಗೆ ಹಂಚಿದರು. ಬೀಡನ್ನು ಇಪ್ಪತ್ತಕ್ಕೂ ಮಿಕ್ಕಿದ ಚಿಕ್ಕ ಹಳ್ಳಿಗಳಾಗಿ ವಿಂಗಡಿಸಿದರು. ಹಳ್ಳಿಗೊಬ್ಬ ಮುಖಂಡನು ಕಷ್ಟಸುಖವನ್ನು ವಿಚಾರಿಸುವ ಏರ್ಪಾಡಾಯಿತು. ಒಬ್ಬೊಬ್ಬರೇ ಮಾಡಲಾರದುದನ್ನು ಕೂಡಿ ಮಾಡಲು ಸಹಕಾರ ಸಂಘ, ಮಕ್ಕಳಿಗೆ ಶಾಲೆ, ರೋಗಿಗಳಿಗೆ ಚಿಕಿತ್ಸಾಲಯ, ಎಲ್ಲರ ಮನಶ್ಶಾಂತಿಗೆ ಬೌದ್ಧವಿಹಾರ ಇವು ಒಂದೊಂದಾಗಿ ಎದ್ದವು. ಬೇಸಾಯದಿಂದ ಸಾಲದುದನ್ನು ಚಳಿಗಾಲದಲ್ಲಿ ಪಟ್ಟಣಗಳಿಗೆ ಹೋಗಿ ಉಣ್ಣೆಯ ಬಟ್ಟೆ ಮಾರಿ ತುಂಬಿಕೊಂಡರು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಸರ್ಕಾರವು ಕೊಟ್ಟದ್ದು ನೆಲವನ್ನು. ನೆಲೆಯನ್ನು ಕಟ್ಟಿಕೊಂಡವರು ಅವರೇ. ಬರಿಯ ಕೈನೀಡುವಿಕೆಯಿಂದ ಶಿಬಿರವು ಶಿಬಿರವಾಗಿಯೇ ಉಳಿಯುತ್ತದೆ. ದುಡಿಮೆಯೂ ಪರಸ್ಪರತೆಯೂ ಸೇರಿದಾಗ ಮಾತ್ರ ಅದು ಊರಾಗುತ್ತದೆ. ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಹೆಚ್ಚಾಗಿ ಮನ್ನಿಸಿದುದರ ಮರ್ಮವೂ ಇದೇ. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ತಾನು ದಾಸನೆಂದು ಬಾಗುತ್ತಾನೆ. ಆದ್ದರಿಂದ ಕೊಳ್ಳುವವನು ತಲೆ ತಗ್ಗಿಸಬೇಕಾಗಿಲ್ಲ. ಆದರೆ ದಾಸೋಹದ ಹಿಂದೆ ಕಾಯಕವಿರಲೇಬೇಕು. ಆ ಕಾಯಕದ ಬಾಗಿಲು ಆಶ್ರಿತನಿಗೂ ತೆರೆದಿರಬೇಕು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಅಗತ್ಯಕ್ಕೆ ಮೀರಿದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಬಡತನವು ಅವಳಲ್ಲಿ ದೈನ್ಯವನ್ನು ಹುಟ್ಟಿಸಲಿಲ್ಲ. ಆಶ್ರಯ ಬೇಡಿ ಬಂದವರಿಗೂ ಇಂತಹ ಘನತೆ ಉಂಟೆಂಬುದನ್ನು ಉಪಕಾರಿಗಳು ಮರೆಯಬಾರದು. ವರ್ಷಾನುಗಟ್ಟಲೆ ಕೊಡುತ್ತ ಹೋಗಿ, ಕೊಂಡವನ ಕೈಗೆ ಕೆಲಸವಿಲ್ಲದಂತೆ ಮಾಡುವ ಉಪಕಾರವು ಕಡೆಗೆ ಅಪಕಾರವೇ ಆದೀತು.

ಇಲ್ಲಿ ಕೆಲವರಿಗೆ ಸಂದೇಹವುಂಟಾಗಬಹುದು. ಬಂದವರು ಅನ್ಯಧರ್ಮೀಯರು, ಅವರ ಆಚಾರ ಬೇರೆ, ಆಹಾರ ಬೇರೆ, ಆರಾಧನೆ ಬೇರೆ. ಭಕ್ತ-ಭವಿ ಎಂಬ ಭೇದವನ್ನು ಶರಣರೇ ಹೇಳಿಲ್ಲವೆ? ಹೇಳಿರುವುದು ನಿಜ. ಆದರೆ ಆ ಭೇದವು ಸಾಧಕನು ತನ್ನ ನಿಷ್ಠೆಯನ್ನು ಕಾಪಾಡಿಕೊಳ್ಳಲು ಹಾಕಿಕೊಂಡ ಬೇಲಿ. ಸಂಕಟದಲ್ಲಿರುವವನನ್ನು ಹೊರಗಿಡಲು ಕಟ್ಟಿದ ಗೋಡೆಯಲ್ಲ. ಸಕಲ ಜೀವಿಗಳಲ್ಲಿಯೂ ಕರುಣೆ ಬೇಕೆಂದು ಬೋಧಿಸಿದ ಬಸವಣ್ಣನವರು, ಆ ಕರುಣೆಗೆ ಮತದ ಎಲ್ಲೆಯನ್ನು ಹಾಕಲಿಲ್ಲ. ತನ್ನಂತೆ ಆದರೆ ಮಾತ್ರ ನೆಲೆ ಕೊಡುವೆನೆನ್ನುವವನು ನೆಲೆಯನ್ನು ಕೊಡುತ್ತಿಲ್ಲ, ಮಾರುತ್ತಿದ್ದಾನೆ. ಒಡೆಯರಪಾಳ್ಯದ ವಿಹಾರದಲ್ಲಿ ಅವರ ಮಂತ್ರ, ಸುತ್ತಣ ಹಳ್ಳಿಗಳಲ್ಲಿ ಮಾದಪ್ಪನ ಉಘೇ ಎರಡೂ ಕೇಳಿಬರುವುದರಿಂದ ಯಾರ ನಿಷ್ಠೆಗೂ ಊನ ಬಂದಿಲ್ಲ.

ಎರಡನೆಯ ಸಂದೇಹವು ಇನ್ನೂ ಗಂಭೀರವಾದುದು. ನಮ್ಮವರೇ ಬಡವರಾಗಿರುವಾಗ ಹೊರಗಿನವರಿಗೆ ನೆಲವನ್ನು ಕೊಡುವುದು ನ್ಯಾಯವೆ? ಇದನ್ನು ಅಸೂಯೆಯ ಮಾತೆಂದು ತಳ್ಳಿಹಾಕುವುದು ತಪ್ಪು. ಧೋಂಡೆನ್‌ಲಿಂಗ್ ಆರಂಭವಾದ 1974ರಲ್ಲಿಯೇ ಯಳಂದೂರಿನ ಮಗ್ಗುಲ ಬಿಳಿಗಿರಿರಂಗನ ಬೆಟ್ಟವು ವನ್ಯಜೀವಿಧಾಮವೆಂದು ಘೋಷಿತವಾಯಿತು. ತಲೆಮಾರುಗಳಿಂದ ಆ ಕಾಡಿನಲ್ಲಿದ್ದ ಸೋಲಿಗರು ತಮ್ಮ ಬೇಸಾಯವನ್ನು ಬಿಡಬೇಕಾಯಿತು. ಅನೇಕರು ಒಳಗಾಡಿನ ಪೋಡುಗಳಿಂದ ಹೊರಗೆ ಬರಬೇಕಾಯಿತು. ಹುಟ್ಟಿದ ನೆಲದಲ್ಲಿಯೇ ಅವರು ನಿರಾಶ್ರಿತರಾದರು. ಅವರ ಪೋಡುಗಳಿಗೆ ಅರಣ್ಯದ ಸಾಮುದಾಯಿಕ ಹಕ್ಕು ದೊರೆತದ್ದು 2011ರಲ್ಲಿ. ಪರ್ವತದಾಚೆಯಿಂದ ಬಂದವರಿಗೆ ನೆಲ ದೊರೆತ ಕಾಲದಲ್ಲಿ, ಮಾದೇಶ್ವರನ ಕಥೆಯಲ್ಲಿ ಒಕ್ಕಲಾಗಿ ಬರುವ ಸೋಲಿಗರು ನೆಲೆ ತಪ್ಪಿದುದು ವಿಚಾರವಂತರ ಮನಸ್ಸನ್ನು ಚುಚ್ಚದಿರದು.

ಆದರೆ ಇದರಿಂದ ಹೊರಡುವ ನಿರ್ಣಯವೇನು? ಒಬ್ಬನಿಗೆ ಅನ್ಯಾಯವಾಯಿತೆಂದು ಮತ್ತೊಬ್ಬನಿಗೆ ಬಾಗಿಲು ಮುಚ್ಚುವುದರಿಂದ ಅನ್ಯಾಯವು ಇಮ್ಮಡಿಯಾಗುತ್ತದೆಯೇ ಹೊರತು ತೀರುವುದಿಲ್ಲ. ಟಿಬೆಟಿಯನ್ನರಿಗೆ ಒದಗಿದ ನೆಲ, ಸಂಘ, ಶಾಲೆ, ತಮ್ಮ ರೂಢಿಯಂತೆ ಬಾಳುವ ಸ್ವಾತಂತ್ರ್ಯ ಇವು ಮಿತಿಮೀರಿದ ಕೃಪೆಯಲ್ಲ. ನೆಲೆ ತಪ್ಪಿದ ಯಾವ ಮನುಷ್ಯನಿಗಾದರೂ ಸಲ್ಲಬೇಕಾದ ಅಳತೆ. ಆ ಅಳತೆಯಿಂದಲೇ ಸೋಲಿಗರಿಗೂ ಅಳೆಯಬೇಕು. ದೂರದವನಿಗೆ ಮರುಗಿ ಹತ್ತಿರದವನನ್ನು ಕಾಣದಿರುವುದು ಡಂಭ. ಹತ್ತಿರದವನ ಹೆಸರು ಹೇಳಿ ದೂರದವನನ್ನು ಅಟ್ಟುವುದು ಕ್ರೌರ್ಯ. ಶರಣಧರ್ಮವು ಇವೆರಡನ್ನೂ ಒಪ್ಪದು.

ಶರಣಸಂತತಿಯೇ ಒಮ್ಮೆ ನೆಲೆಗೆಟ್ಟಿತ್ತೆಂಬುದನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ಷೋಭೆಯೆದ್ದಾಗ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಒಂದು ತಂಡವು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡನ್ನು ಸೇರಿತೆಂದು ಪರಂಪರೆ ಹೇಳುತ್ತದೆ. ಈ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿಯೂ ಕಲ್ಯಾಣದಿಂದಲೇ ತೆಂಕಣಕ್ಕೆ ಬಂದವರು; ಏಳುಮಲೆಯ ಮಾದಪ್ಪನೂ ಪರಸ್ಥಳದಿಂದ ಬಂದು ನೆಲಸಿದ ಜಂಗಮನೇ. ದಾರಿಯ ಹಳ್ಳಿಗಳಲ್ಲಿ ಯಾರೋ ಅಂಬಲಿ ಕೊಟ್ಟು, ಜಗುಲಿ ಬಿಟ್ಟುಕೊಟ್ಟಿರದಿದ್ದರೆ ವಚನಸಂಪತ್ತು ಇಂದಿನವರ ಕೈಸೇರುತ್ತಿತ್ತೆ? ಆ ಅಜ್ಞಾತರ ಋಣವು ತೀರಿಲ್ಲ. ಅವರನ್ನು ಹುಡುಕಿ ತೀರಿಸಲೂ ಆಗದು. ಬಾಗಿಲಿಗೆ ಬಂದ ಪರಕೀಯನ ಮೂಲಕವೇ ಅದನ್ನು ತೀರಿಸಬೇಕು.

ಗೃಹಸ್ಥನು ರಾಜ್ಯದ ಭೂಮಿಯನ್ನು ಹಂಚಲಾರ. ಅದು ಅವನ ಕೈಯಲ್ಲಿಲ್ಲ. ಆದರೆ ಊರಿಗೆ ಹೊಸದಾಗಿ ಬಂದವನ ಹೆಸರನ್ನು ಕೇಳಿ ತಿಳಿಯುವುದು, ಅವನ ತೊದಲುಗನ್ನಡವನ್ನು ನಗದಿರುವುದು, ಸಂತೆಯಲ್ಲಿ ಅವನಿಗೂ ತನ್ನವರಿಗೂ ಒಂದೇ ತಕ್ಕಡಿಯಲ್ಲಿ ತೂಗುವುದು, ದುಡಿಯಬಲ್ಲ ಕೈಗೆ ದುಡಿಮೆಯನ್ನೂ ಸರಿಯಾದ ಕೂಲಿಯನ್ನೂ ಕೊಡುವುದು, ಸೋಲಿಗರ ಮಗುವಿನ ಪಕ್ಕದಲ್ಲಿ ತನ್ನ ಮಗುವನ್ನು ಕೂರಿಸುವುದು ಇವೆಲ್ಲ ಅವನ ಕೈಯಲ್ಲಿವೆ. ಇವು ಚಿಕ್ಕ ಕೆಲಸಗಳು. ಆದರೆ ನೆಲವು ನೆಲೆಯಾಗುವುದು ಇಂತಹ ಕೆಲಸಗಳಿಂದಲೇ. ಅಂಗೈಯ ಇಷ್ಟಲಿಂಗವನ್ನು ಪೂಜಿಸಿ ಎದ್ದವನ ಕಣ್ಣು, ಎದುರು ನಿಂತ ಪರದೇಶಿಯಲ್ಲಿಯೂ ಅದೇ ಚೈತನ್ಯವನ್ನು ಕಾಣದೆ ಹೋದರೆ ಅವನ ಪೂಜೆಯು ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು.