ಅರವತ್ತಾರನೆಯ ಎಸೆತ

ಅನಿಲ್ ಕುಂಬ್ಳೆ ಟೆಸ್ಟ್ ಕ್ರಿಕೆಟ್ಟಿನಲ್ಲಿ ಪಡೆದ ವಿಕೆಟ್ 619. ಅದಕ್ಕಾಗಿ ಎಸೆದ ಚೆಂಡು 40,850. ಭಾಗಿಸಿ ನೋಡಿ: 66 ಎಸೆತಕ್ಕೆ ಒಂದು ವಿಕೆಟ್. ನಾವು ಚಪ್ಪಾಳೆ ತಟ್ಟಿದ್ದು ಅರವತ್ತಾರನೆಯ ಎಸೆತಕ್ಕೆ. ಅವರು ಬದುಕಿದ್ದು ಉಳಿದ ಅರವತ್ತೈದರಲ್ಲಿ.

*

ಮೈಲಿಗಲ್ಲು ನೆಟ್ಟಿರುವುದು ರಸ್ತೆಯ ಪಕ್ಕದಲ್ಲಿ. ಕಾಲು ಸವೆಯುವುದು ರಸ್ತೆಯ ಮೇಲೆ.

*

ರಾಜಗೋಪಾಲನಗರದಲ್ಲಿ ಬೆಳಗಾಗುವುದು ಶೆಟರ್ ಎತ್ತುವ ಸದ್ದಿಗೆ. ಪೀಣ್ಯದ ಮಗ್ಗುಲಿನ ಈ ಬೀದಿಗಳಲ್ಲಿ ಕೆಳಗೆ ಲೇತು, ಮೇಲೆ ಬಾಡಿಗೆ ಮನೆ. ನಮ್ಮ ಬೀದಿಯ ಶೆಡ್ಡಿನಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದಾರೆ. ಲೇತಿನ ಚಕ್‌ಗೆ ಸರಳು ಕಚ್ಚಿಸಿ ಟೂಲ್ ತಾಗಿಸಿದರೆ ಉಕ್ಕು ನೀಲಿ ಸುರುಳಿಯಾಗಿ ಕೆಳಗೆ ಬೀಳುತ್ತದೆ. ಪೀಸು ಬಿಚ್ಚಿ, ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಮೈಕ್ರೋಮೀಟರಿನ ತುದಿಯನ್ನು ಟಿಕ್ ಟಿಕ್ ಅನ್ನುವವರೆಗೆ ತಿರುಗಿಸಿ, ಕಣ್ಣಿನ ಹತ್ತಿರ ತಂದು ಓದಿ, ಟ್ರೇಗೆ ಇಡುತ್ತಾರೆ. ಸಂಜೆಯ ಕೊನೆಯ ಪೀಸನ್ನೂ ಬೆಳಗಿನ ಮೊದಲ ಪೀಸಿನಷ್ಟೇ ಜತನದಿಂದ ಅಳೆಯುತ್ತಾರೆ. ಸ್ಕೋರ್‌ಬೋರ್ಡ್ ಇಲ್ಲ, ಸ್ಟೇಡಿಯಂ ಇಲ್ಲ. ಕುಂಬ್ಳೆ ನನಗೆ ಸರಿಯಾಗಿ ಅರ್ಥವಾದದ್ದು ಈ ಶೆಡ್ಡಿನ ಬಾಗಿಲಲ್ಲಿ ನಿಂತಾಗ.

*

ಕುಂಬ್ಳೆ ಓದಿದ್ದು ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್. ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು. ಅವರಿಗಿಂತ ಮೊದಲಿನ ಎರಪಳ್ಳಿ ಪ್ರಸನ್ನ ಅವರೂ ಎಂಜಿನಿಯರೇ. ಬೌಲಿಂಗಿನಲ್ಲಿ ಲೈನ್ ಅನ್ನುವುದೂ ಲೆಂಗ್ತ್ ಅನ್ನುವುದೂ ಅಳತೆಯ ಮಾತು. ಅಳತೆ ಕಲಿತವರು ಅದೃಷ್ಟದ ಮಾತನ್ನು ಕಡಿಮೆ ಆಡುತ್ತಾರೆ.

*

ಪ್ರಸನ್ನ 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದು ಪುಸ್ತಕ ಹಿಡಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ನಡುವೆ ಐದು ವರ್ಷ. ಕೊನೆಗೆ ಅವರ ಲೆಕ್ಕಕ್ಕೆ 189 ಟೆಸ್ಟ್ ವಿಕೆಟ್. ಓದಿಗೆಂದು ಕೊಟ್ಟ ವರ್ಷಗಳು ವ್ಯರ್ಥವಾದವು ಅನ್ನುವ ಅಪ್ಪ ಅಮ್ಮಂದಿರೂ, ಆಟಕ್ಕೆಂದು ಕೊಟ್ಟ ವರ್ಷಗಳು ವ್ಯರ್ಥವಾದವು ಅನ್ನುವ ಅಪ್ಪ ಅಮ್ಮಂದಿರೂ ಈ ಲೆಕ್ಕವನ್ನು ಒಮ್ಮೆ ನೋಡಬೇಕು.

*

ಕುಂಬ್ಳೆಯ ಮೊದಲ ಟೆಸ್ಟ್ 1990ರ ಆಗಸ್ಟಿನಲ್ಲಿ, ಮ್ಯಾಂಚೆಸ್ಟರಿನಲ್ಲಿ. ಎರಡನೆಯದು 1992ರ ಅಕ್ಟೋಬರಿನಲ್ಲಿ, ಹರಾರೆಯಲ್ಲಿ. ಮರಳಿ ಕರೆ ಬಂದದ್ದು ಇರಾನಿ ಟ್ರೋಫಿಯ ಒಂದೇ ಪಂದ್ಯದಲ್ಲಿ 13 ವಿಕೆಟ್ ಕಿತ್ತ ಮೇಲೆ. ಬಾಗಿಲು ಮುಚ್ಚಿತು ಅಂತ ಕೂತವರಿಗೂ ಬಾಗಿಲ ಮುಂದೆ ಕೆಲಸ ಮುಂದುವರಿಸಿದವರಿಗೂ ಕಾಯುವ ದಿನಗಳು ಅಷ್ಟೇ. ಬಾಗಿಲು ತೆರೆದಾಗ ಕೈಯಲ್ಲಿ ಏನಿತ್ತು ಅನ್ನುವುದರಲ್ಲಿ ವ್ಯತ್ಯಾಸ.

*

ತಡವಾಯಿತು ಎಂದು ಹೆಚ್ಚು ದುಃಖಪಡುವವರು ಇನ್ನೂ ಹೊರಟೇ ಇರುವುದಿಲ್ಲ.

*

"ಇವರ ಚೆಂಡು ತಿರುಗುವುದಿಲ್ಲ." ಕುಂಬ್ಳೆ ಬಗ್ಗೆ ಈ ಮಾತು ಹದಿನೆಂಟು ವರ್ಷ ಓಡಾಡಿತು. ಒಂದು ಗಜ ತಿರುಗಿದ ಚೆಂಡು ಎಲ್ಲರ ಬಾಯಿಂದ 'ಆಹಾ' ಅನ್ನಿಸಿ, ಯಾರಿಗೂ ತಾಗದೆ ಕೀಪರ್ ಕೈ ಸೇರುತ್ತದೆ. ಅರ್ಧ ಬ್ಯಾಟಿನಷ್ಟು ತಿರುಗಿದ್ದು ಅಂಚಿಗೆ ತಾಗುತ್ತದೆ. ಕೆಲಸಕ್ಕೆ ಬೇಕಾದಷ್ಟೇ ಮಾಡುವುದಕ್ಕೂ ಒಂದು ದೊಡ್ಡ ವಿದ್ಯೆ ಬೇಕು.

*

ನಿನ್ನಲ್ಲಿ ಇಲ್ಲದ್ದನ್ನು ಎಣಿಸಿ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಇರುವುದನ್ನು ಎಣಿಸುವ ಕೆಲಸ ನಿನ್ನದೇ.

*

ಬಿ.ಎಸ್. ಚಂದ್ರಶೇಖರ್ ಅವರ ಬಲಗೈಯನ್ನು ಬಾಲ್ಯದ ಪೋಲಿಯೊ ಸೊರಗಿಸಿತ್ತು. ಅದೇ ಕೈ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದಿತು. ಅವರ ಒಟ್ಟು ಟೆಸ್ಟ್ ವಿಕೆಟ್ 242, ಒಟ್ಟು ರನ್ 167. ವಿಕೆಟ್ಟಿಗಿಂತ ರನ್ನೇ ಕಡಿಮೆ. ಒಬ್ಬ ಮನುಷ್ಯನಿಂದ ಎಲ್ಲವನ್ನೂ ಕೇಳಬಾರದು. ಕೊಡಲು ಬಂದದ್ದನ್ನು ಪೂರ್ತಿ ಕೊಟ್ಟರೇ, ಅಷ್ಟು ನೋಡಿದರೆ ಸಾಕು.

*

1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. ಪಾಕಿಸ್ತಾನದ ಮುಂದೆ 420 ರನ್ನಿನ ಗುರಿ. ವಿಕೆಟ್ ಬೀಳದೆ 101. ಬೆಳಗಿನ ಓವರುಗಳಲ್ಲಿ ಕುಂಬ್ಳೆಗೆ ಏನೂ ಸಿಗಲಿಲ್ಲ. ಊಟದ ನಂತರ ಮೈದಾನದ ಇನ್ನೊಂದು ತುದಿಯಿಂದ ಬಂದರು. 207ಕ್ಕೆ ಎಲ್ಲರೂ ಔಟ್. 26.3 ಓವರ್, 74 ರನ್, ಹತ್ತಕ್ಕೆ ಹತ್ತು. ಬೆಳಿಗ್ಗೆಯೂ ಮಧ್ಯಾಹ್ನವೂ ಕೈ ಅದೇ, ಚೆಂಡು ಹಿಡಿದ ಬೆರಳು ಅವೇ. ಒಂದು ಕಡೆಯಿಂದ ಆಗದಿದ್ದರೆ ಕೆಲಸ ಬಿಡಬೇಕಿಲ್ಲ, ತುದಿ ಬದಲಿಸಿ ನೋಡಬಹುದು.

*

ಅದೇ ದಿನ, ಅದೇ ಕೋಟ್ಲಾ. ಒಂಬತ್ತು ವಿಕೆಟ್ ಬಿದ್ದಿತ್ತು. ಇನ್ನೊಂದು ತುದಿಯಲ್ಲಿ ಶ್ರೀನಾಥ್. ವಿಕೆಟ್ ಬೀಳಬಾರದೆಂದು ಅವರು ಚೆಂಡನ್ನು ಆಫ್ ಸ್ಟಂಪಿನಿಂದ ಆಚೆ, ಬ್ಯಾಟಿಗೆ ಸಿಗದಷ್ಟು ದೂರ ಎಸೆದರು. ಬದುಕಿಡೀ ವಿಕೆಟ್ಟಿಗೆಂದೇ ಓಡಿ ಬಂದ ವೇಗದ ಬೌಲರ್, ಆ ಒಂದು ಓವರಿನಲ್ಲಿ ವಿಕೆಟ್ ಬೇಡ ಅಂದುಕೊಂಡು ಓಡಿ ಬಂದರು. ಮುಂದಿನ ಓವರಿನಲ್ಲಿ ವಾಸಿಮ್ ಅಕ್ರಮ್ ಶಾರ್ಟ್ ಲೆಗ್ಗಿನಲ್ಲಿದ್ದ ಲಕ್ಷ್ಮಣ್ ಕೈಗೆ ಕ್ಯಾಚ್ ಕೊಟ್ಟರು. ಸ್ಕೋರು ಪುಸ್ತಕದಲ್ಲಿ ಆ ಹತ್ತೂ ಕುಂಬ್ಳೆಯವು. ಆದರೆ ಹತ್ತನೆಯದರಲ್ಲಿ ಶ್ರೀನಾಥರ ಪಾಲಿದೆ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ.

*

ಗೆಳೆಯ ಅಂದರೆ ತನ್ನ ಲೆಕ್ಕದಿಂದ ಒಂದನ್ನು ಕಳೆದು ನಿನ್ನ ಲೆಕ್ಕ ತುಂಬಿಸುವವನು.

*

ಟೆಸ್ಟ್ ಇನ್ನಿಂಗ್ಸಿನಲ್ಲಿ ಹತ್ತಕ್ಕೆ ಹತ್ತು ಪಡೆದವರು ಮೂವರು. 1956ರಲ್ಲಿ ಜಿಮ್ ಲೇಕರ್, 1999ರಲ್ಲಿ ಕುಂಬ್ಳೆ, 2021ರಲ್ಲಿ ಎಜಾಜ್ ಪಟೇಲ್. ಎಜಾಜ್ ಹುಟ್ಟಿದ್ದು ಮುಂಬೈಯಲ್ಲಿ, ಆಡಿದ್ದು ನ್ಯೂಜಿಲೆಂಡಿಗೆ, ಹತ್ತು ವಿಕೆಟ್ ಪಡೆದದ್ದು ಅದೇ ಮುಂಬೈಯಲ್ಲಿ. ಆ ಪಂದ್ಯವನ್ನು ಅವರ ತಂಡ 372 ರನ್ನಿನಿಂದ ಸೋತಿತು. ನಿನ್ನ ಪಾಲಿನದನ್ನು ಒಂದೂ ಬಿಡದೆ ಮಾಡಿ ಮುಗಿಸಿದರೂ ಸೋಲು ಬರಬಹುದು. ಅಂಥ ಸೋಲಿನಲ್ಲಿ ತಲೆ ತಗ್ಗಿಸಬೇಕಾದ್ದೇನೂ ಇಲ್ಲ.

*

2002ರ ಮೇ, ಆಂಟಿಗುವಾ. ಬ್ಯಾಟ್ ಮಾಡುವಾಗ ಚೆಂಡು ಬಡಿದು ಕುಂಬ್ಳೆಯ ದವಡೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಡುವ ಮೊದಲು, ನೆತ್ತಿಯಿಂದ ಗದ್ದದವರೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಮೈದಾನಕ್ಕೆ ಇಳಿದು 14 ಓವರ್ ಎಸೆದರು. ಬ್ರಯಾನ್ ಲಾರಾ ಎಲ್‌ಬಿಡಬ್ಲ್ಯು. ಲೆಕ್ಕಕ್ಕೆ ಸೇರಿದ್ದು ಒಂದೇ ವಿಕೆಟ್. 619ರಲ್ಲಿ ಜನ ಮರೆಯದೆ ಉಳಿಸಿಕೊಂಡದ್ದರಲ್ಲಿ ಇದೊಂದು.

*

ಇದನ್ನು ಹೇಳುವಾಗಲೇ ಇನ್ನೊಂದನ್ನೂ ಹೇಳಬೇಕು. ನಮ್ಮ ಬೀದಿಗಳಲ್ಲಿ ಪ್ರೆಸ್ಸಿಗೆ ಬೆರಳು ಕೊಟ್ಟವರಿದ್ದಾರೆ. ನೋವಿನ ಮೇಲೆ ಕೆಲಸ ಮಾಡುವುದು ತಾನೇ ಆರಿಸಿಕೊಂಡಾಗ ಧೈರ್ಯ. ಸಂಬಳ ಕಡಿತದ ಭಯಕ್ಕೆ ಮಾಡಿದಾಗ ಅದು ಅನ್ಯಾಯ. ಆಟಗಾರನ ಪಟ್ಟಿಯನ್ನು ತೋರಿಸಿ ಕಾರ್ಮಿಕನ ರಜೆಯನ್ನು ಯಾರೂ ಕಿತ್ತುಕೊಳ್ಳಬಾರದು.

*

1996ರ ಅಕ್ಟೋಬರ್, ಚಿನ್ನಸ್ವಾಮಿ ಕ್ರೀಡಾಂಗಣ, ಆಸ್ಟ್ರೇಲಿಯಾ ಎದುರು. ಸಚಿನ್ ಔಟಾದ ಮೇಲೆ ಪಂದ್ಯ ಮುಗಿಯಿತೆಂದು ಜನ ಎದ್ದು ಹೊರಟಿದ್ದರು. 164ಕ್ಕೆ 8. ಆಗ ನಿಂತವರು ಶ್ರೀನಾಥ್ ಮತ್ತು ಕುಂಬ್ಳೆ. ಮುರಿಯದ 52 ರನ್ ಸೇರಿಸಿ ಗೆಲ್ಲಿಸಿದರು. ಇಬ್ಬರೂ ಬೌಲರುಗಳು, ಇಬ್ಬರೂ ಈ ನೆಲದವರು. 'ಇದು ನನ್ನ ಕೆಲಸ ಅಲ್ಲ' ಅನ್ನುವ ಮಾತು ಬಾಯಿಗೆ ಬಂದಾಗಲೆಲ್ಲ ನನಗೆ ಆ ಜೊತೆಯಾಟ ನೆನಪಾಗುತ್ತದೆ.

*

2007ರ ಆಗಸ್ಟಿನಲ್ಲಿ ಓವಲ್‌ನಲ್ಲಿ ಕುಂಬ್ಳೆ ಔಟಾಗದೆ 110. ಮೊದಲ ಟೆಸ್ಟ್ ಶತಕ, ಅದೂ 118ನೇ ಟೆಸ್ಟಿನಲ್ಲಿ, ಹದಿನೇಳು ವರ್ಷದ ಮೇಲೆ. ಸಚಿನ್, ದ್ರಾವಿಡ್, ಲಕ್ಷ್ಮಣ್, ಗಂಗೂಲಿ ಇದ್ದ ತಂಡಕ್ಕೆ ಆ ಸರಣಿಯಲ್ಲಿ ಸಿಕ್ಕ ಒಂದೇ ಶತಕ ಅದು. ಒಂದು ಆಸೆಯನ್ನು ಹದಿನೇಳು ವರ್ಷ ಒಣಗದಂತೆ ನೋಡಿಕೊಳ್ಳಲು ಬರುವವರಿಗೆ ವಯಸ್ಸು ಅಡ್ಡ ಬರುವುದಿಲ್ಲ.

*

ರಾಹುಲ್ ದ್ರಾವಿಡ್ ಟೆಸ್ಟಿನಲ್ಲಿ ಎದುರಿಸಿದ ಎಸೆತ 31,258. ಅವರ 13,288 ರನ್ನಿಗಿಂತ ಈ ಸಂಖ್ಯೆ ನನಗೆ ದೊಡ್ಡದು. ರನ್ ಅವರು ಪಡೆದದ್ದು. ಎಸೆತ ಅವರು ತಾಳಿಕೊಂಡದ್ದು.

*

1980ರ ಫೆಬ್ರುವರಿ, ಮುಂಬೈಯಲ್ಲಿ ಸುವರ್ಣ ಮಹೋತ್ಸವದ ಟೆಸ್ಟ್. ನಾಯಕ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಅಂಪೈರ್ ಔಟ್ ಕೊಟ್ಟ ಇಂಗ್ಲೆಂಡಿನ ಬಾಬ್ ಟೇಲರ್ ನಿಜಕ್ಕೂ ಔಟಾಗಿರಲಿಲ್ಲ ಎಂದು ತಿಳಿದು ಅವರನ್ನು ವಿಶ್ವನಾಥ್ ವಾಪಸು ಕರೆದರು. ಟೇಲರ್ ನಿಂತು ಆಡಿದರು, ಭಾರತ ಸೋತಿತು. ವಿಶ್ವನಾಥರ ಶತಕಗಳ ಲೆಕ್ಕ ಪುಸ್ತಕ ತೆರೆದರೆ ಸಿಗುತ್ತದೆ. ಈ ಒಂದು ಕರೆಗೆ ಪುಸ್ತಕದಲ್ಲಿ ಅಂಕಣವೇ ಇಲ್ಲ. ಆದರೂ ಜನ ಮಕ್ಕಳಿಗೆ ಹೇಳುವುದು ಇದನ್ನೇ.

*

ಗೆಲುವನ್ನು ಅಂಕಿಯಲ್ಲಿ ಬರೆದಿಡಬಹುದು. ನಡತೆಯನ್ನು ಬಾಯಿಂದ ಬಾಯಿಗೆ ದಾಟಿಸಬೇಕು.

*

ಬೆಂಗಳೂರಿನ ಶಾಂತಾ ರಂಗಸ್ವಾಮಿ ಭಾರತದ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ. 1977ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಅವರು ಹೊಡೆದ 108 ಭಾರತೀಯ ಮಹಿಳೆಯ ಮೊದಲ ಟೆಸ್ಟ್ ಶತಕ. ಮೊದಲಿಗರ ಮೈಲಿಗಲ್ಲು ಒರಟಾಗಿರುತ್ತದೆ, ಅದಕ್ಕೆ ಬಣ್ಣ ಬಳಿಯುವವರೂ ಇರುವುದಿಲ್ಲ. ಈ ಬಡಾವಣೆಯ ಗಾರ್ಮೆಂಟ್ ಕೆಲಸದ ತಾಯಂದಿರು ಮಗಳ ಕೈಗೆ ಬ್ಯಾಟು ಕೊಡುವಾಗ ಆ ಹೆಸರನ್ನೂ ಜೊತೆಗೆ ಕೊಡಲಿ.

*

ಅಮೆರಿಕದ ಬೇಸ್‌ಬಾಲ್‌ನಲ್ಲಿ ಮೂರು ಸಾವಿರ ಹಿಟ್ ಅನ್ನುವುದು ನಮ್ಮ ಹತ್ತು ಸಾವಿರ ರನ್ನಿನಂಥ ಗಡಿ. ರಾಬರ್ಟೊ ಕ್ಲೆಮೆಂಟೆ 1972ರ ಸೆಪ್ಟೆಂಬರ್ 30ರಂದು ಆ ಗಡಿ ಮುಟ್ಟಿದರು. ಅದೇ ವರ್ಷದ ಕೊನೆಯ ದಿನ ನಿಕಾರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಅವರ ಲೆಕ್ಕ ಸರಿಯಾಗಿ 3,000ಕ್ಕೆ ನಿಂತಿದೆ. ಆ ಸೊನ್ನೆಗಳ ಮುಂದೆ ನಿಂತಾಗ ಆಟದ ಗಡಿ ಎಲ್ಲಿ ಮುಗಿದು ಮನುಷ್ಯನ ಗಡಿ ಎಲ್ಲಿ ಶುರುವಾಗುತ್ತದೆ ಎಂದು ಕಾಣುತ್ತದೆ.

*

ಅದೇ ಆಟದ ಕ್ಯಾಲ್ ರಿಪ್ಕೆನ್ 1982ರಿಂದ 1998ರವರೆಗೆ ಒಂದೂ ತಪ್ಪದೆ 2,632 ಪಂದ್ಯ ಆಡಿದರು. ಕೆಲಸಕ್ಕೆ ಹಾಜರಾದದ್ದೇ ಅವರ ದಾಖಲೆ. ಹಾಜರಿ ಪುಸ್ತಕಕ್ಕೆ ಇಷ್ಟು ದೊಡ್ಡ ಗೌರವ ಕೊಟ್ಟ ಆಟ ಇನ್ನೊಂದಿಲ್ಲ.

*

ಕಪಿಲ್ ದೇವ್ 434 ವಿಕೆಟ್ಟಿಗೆ ನಿಲ್ಲಿಸಿದ್ದರು. 2004ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಕುಂಬ್ಳೆ ಅದನ್ನು ದಾಟಿದರು. 2021ರಲ್ಲಿ ಇಂಗ್ಲೆಂಡಿನ ಜೇಮ್ಸ್ ಆ್ಯಂಡರ್ಸನ್ ಕುಂಬ್ಳೆಯ 619ನ್ನು ದಾಟಿದರು. ದಾಖಲೆ ಎಂಬುದು ಬಾಡಿಗೆ ಮನೆ. ಇರುವಷ್ಟು ದಿನ ಚೊಕ್ಕಟವಾಗಿಟ್ಟುಕೊಂಡು, ಮುಂದಿನವರು ಬಂದಾಗ ಬೀಗದ ಕೈ ಕೊಟ್ಟು ನಗುನಗುತ್ತ ಹೊರಡಬೇಕು.

*

'ಬೆಂಗಳೂರು' ಎಂಬ ಹೆಸರು ಸಿಗುವ ಹಳೆಯ ದಾಖಲೆ ಬೇಗೂರಿನ ಶಾಸನ, ಸುಮಾರು ಕ್ರಿ.ಶ. 890ರದು. ಒಂದು ಕಾಳಗದಲ್ಲಿ ಮಡಿದವರ ನೆನಪಿನ ಕಲ್ಲು ಅದು. ನಮ್ಮ ಹಿರಿಯರು ಆ ಕಲ್ಲಿನಲ್ಲಿ ಕೊರೆದದ್ದು ಎಷ್ಟು ಗೆದ್ದರು ಅನ್ನುವುದನ್ನಲ್ಲ, ಯಾರಿಗಾಗಿ ನಿಂತರು ಅನ್ನುವುದನ್ನು.

*

ಕುಂಬ್ಳೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಹೆಸರಿನಲ್ಲಿ ಹೊತ್ತದ್ದು ಕಾಸರಗೋಡಿನ ಕುಂಬಳೆಯನ್ನು. ಆ ಊರಿನಲ್ಲಿ ಈಗ ಅವರ ಹೆಸರಿನ ರಸ್ತೆಯಿದೆ. ರಾಜಗೋಪಾಲನಗರದಲ್ಲಿ ಯಾರನ್ನು ಕೇಳಿದರೂ 'ನಮ್ಮೂರು' ಅಂದರೆ ಬೇರೊಂದು ಊರು: ಮಂಡ್ಯ, ತುಮಕೂರು, ರಾಯಚೂರು, ಕಲಬುರಗಿ. ಬಿಟ್ಟು ಬಂದ ಊರಿನ ಸಾಲ ತೀರಿಸುವ ಒಂದು ಬಗೆ, ಅದರ ಹೆಸರು ಕೆಡದಂತೆ ಇಲ್ಲಿ ಕೆಲಸ ಮಾಡುವುದು.

*

'ಹನಿಗೂಡಿದರೆ ಹಳ್ಳ' ಎಂಬ ಗಾದೆ ಹಳ್ಳವನ್ನು ಹೊಗಳುತ್ತದೆ ಎಂದು ಬಹುಕಾಲ ಅಂದುಕೊಂಡಿದ್ದೆ. ಅದು ಹನಿಗೆ ಧೈರ್ಯ ಹೇಳುವ ಗಾದೆ.

*

ಭಾನುವಾರ ಇಲ್ಲಿ ಮುಚ್ಚಿದ ಶೆಟರಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದರೆ ವಿಕೆಟ್ ಆಯಿತು. ಟೆಂಪೊ ಬಂದರೆ ಆಟ ನಿಲ್ಲುತ್ತದೆ, ಹೋದರೆ ಮುಂದುವರಿಯುತ್ತದೆ. ಚೆಂಡು ಶೆಟರಿಗೆ ಬಡಿದು 'ಧಡ್' ಅಂದಾಗ ಹುಡುಗರು ಕೂಗುವ ಕೂಗಿಗೂ ಕೋಟ್ಲಾದಲ್ಲಿ ಎದ್ದ ಕೂಗಿಗೂ ಸಂತೋಷದಲ್ಲಿ ಭೇದವಿಲ್ಲ. ಸೋಮವಾರ ಶೆಟರ್ ಮೇಲೇಳುತ್ತದೆ, ವಿಕೆಟ್ ಸುತ್ತಿಕೊಂಡು ಒಳಗೆ ಹೋಗುತ್ತದೆ, ಲೇತು ತಿರುಗತೊಡಗುತ್ತದೆ.

*

ಕುಂಬ್ಳೆ ಟೆಸ್ಟಿಗೆ ವಿದಾಯ ಹೇಳಿದ್ದು 2008ರ ನವೆಂಬರ್ 2ರಂದು, ಹತ್ತು ವಿಕೆಟ್ ಕೊಟ್ಟ ಅದೇ ಕೋಟ್ಲಾದಲ್ಲಿ. ಆ ಪಂದ್ಯದಲ್ಲೇ ಎಡಗೈ ಬೆರಳು ಸೀಳಿ 11 ಹೊಲಿಗೆ ಬಿದ್ದಿತ್ತು. ಹೊಲಿಗೆ ಹಾಕಿಸಿಕೊಂಡು ಬಂದು ಮತ್ತೆ ಬೌಲ್ ಮಾಡಿದರು. ಕೈ ಇನ್ನು ಸಾಕು ಅಂದಾಗ ಅದರ ಮಾತು ಕೇಳಿ ನಿಲ್ಲಿಸಿದರು. ಹೇಗೆ ಮುಂದುವರಿಯಬೇಕು, ಯಾವಾಗ ನಿಲ್ಲಿಸಬೇಕು, ಎರಡನ್ನೂ ಒಂದೇ ಕೈ ಕಲಿಸಿತು.

*

ಇವತ್ತು ಶಿಫ್ಟು ಮುಗಿಸಿ ಮನೆಗೆ ಹೊರಟವರೇ, ದಿನವಿಡೀ ದುಡಿದೂ ಒಂದು ವಿಕೆಟ್ಟೂ ಬೀಳಲಿಲ್ಲ ಅನ್ನಿಸಿದರೆ ಮನಸ್ಸು ಸಣ್ಣ ಮಾಡಿಕೊಳ್ಳಬೇಡಿ. ನಿಮ್ಮದು ಅರವತ್ತೈದರಲ್ಲಿ ಒಂದು ಎಸೆತ. ಅದನ್ನು ನೀವು ಅಳತೆ ತಪ್ಪದೆ ಎಸೆದಿದ್ದೀರಿ. ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ನಾಳೆ ಬೆಳಿಗ್ಗೆ ಚೆಂಡು ಮತ್ತೆ ನಿಮ್ಮ ಕೈಗೇ ಬರುತ್ತದೆ.