ಕಳೆದ ಕಟ್ಟಿನ ಹೊಣೆ ಯಾರದು?

ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಸಾಗುವ ವಸ್ತುವು ನಡುದಾರಿಯಲ್ಲಿ ಕಳೆದುಹೋದರೆ ನಷ್ಟವನ್ನು ಹೊರತಕ್ಕವನಾರು? ಕೊಟ್ಟವನೋ, ಒಯ್ದವನೋ, ಕೈಚಾಚಿ ನಿಂತವನೋ? ವ್ಯವಹಾರದಷ್ಟೇ ಹಳೆಯದಾದ ಈ ಪ್ರಶ್ನೆಯನ್ನು ಗಣಕಯಂತ್ರಗಳ ಜಾಲವು ಹೊಸ ರೂಪದಲ್ಲಿ ಈ ಕಾಲದ ಮುಂದೆ ಇಟ್ಟಿರುವದು.

ಆ ಜಾಲದ ರಚನೆಯನ್ನು ಮೊದಲು ತುಸು ತಿಳಿಯತಕ್ಕದ್ದು. ಒಂದು ಯಂತ್ರವು ಇನ್ನೊಂದಕ್ಕೆ ಕಳಿಸುವ ಮಾತು ಇಡಿಯಾಗಿ ಹೋಗುವದಿಲ್ಲ. ಸಣ್ಣ ಸಣ್ಣ ಕಟ್ಟುಗಳಾಗಿ ಹೋಗುವದು. ಇವಕ್ಕೆ ಪ್ಯಾಕೆಟ್ ಎಂದು ಹೆಸರು. ಪ್ರತಿಯೊಂದು ಕಟ್ಟಿನ ಮೇಲೂ ಕಳಿಸಿದ ಯಂತ್ರದ ಹಾಗೂ ಪಡೆಯುವ ಯಂತ್ರದ ವಿಳಾಸವಿರುವದು. ಇದೇ ಐಪಿ ಅಡ್ರೆಸ್. ದಾರಿಯ ಕವಲುಗಳಲ್ಲಿ ಕುಳಿತ ರೌಟರ್ ಎಂಬ ಯಂತ್ರವು ಆ ವಿಳಾಸವನ್ನೋದಿ ಕಟ್ಟನ್ನು ಮುಂದಕ್ಕೆ ಸಾಗಿಸುವದು. ಕಲಬುರ್ಗಿಯಿಂದ ಬಂದ ಯಾತ್ರಿಕನಿಗೆ ಚೌಡಾಪುರದಲ್ಲಿ ಗಾಣಗಾಪುರದ ದಾರಿ ತೋರಿಸುವವನು ಅವನ ಗಂಟನ್ನು ಬಿಚ್ಚಿ ನೋಡುವದಿಲ್ಲ, ಭೀಮಾ-ಅಮರ್ಜಾ ಸಂಗಮದ ವರೆಗೆ ಜೊತೆಗೂ ಹೋಗುವದಿಲ್ಲ. ರೌಟರಿನ ಧರ್ಮವೂ ಅಷ್ಟೇ. ದಟ್ಟಣೆ ಮಿತಿಮೀರಿದಾಗ ಅದು ಕಟ್ಟನ್ನು ಕೈಬಿಡಲೂಬಹುದು. ಮುಟ್ಟಿಸಿಯೇ ತೀರುವೆನೆಂಬ ವಚನವನ್ನು ಈ ಮಾರ್ಗವು ಯಾರಿಗೂ ಕೊಟ್ಟಿಲ್ಲ.

ಹಾಗಾದರೆ ವಚನವಿಲ್ಲದ ದಾರಿಯಲ್ಲಿ ವಿಶ್ವಾಸವು ಹುಟ್ಟಿದ್ದು ಹೇಗೆ? ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬವರು 1974ರಲ್ಲಿ ವಿವರಿಸಿದ ಕ್ರಮದಿಂದ ಬೆಳೆದು, 1983ರ ಜನವರಿ 1ರಂದು ಅಮೆರಿಕೆಯ ಅರ್ಪಾನೆಟ್ ಜಾಲವು ಕೈಕೊಂಡ ನಿಯಮಾವಳಿಯಲ್ಲಿ ಇದಕ್ಕೆ ಉತ್ತರವಿದೆ. ಇಂಥ ನಿಯಮಾವಳಿಗೆ ಪ್ರೊಟೊಕಾಲ್ ಎನ್ನುವರು. ಅದರಲ್ಲಿ ಟಿಸಿಪಿ ಎಂಬ ಭಾಗದ ಕಟ್ಟಳೆ ಇಷ್ಟು: ಕಳಿಸಿದವನು ಕಟ್ಟಿನ ಪ್ರತಿಯೊಂದನ್ನು ತನ್ನಲ್ಲಿಟ್ಟುಕೊಳ್ಳಬೇಕು, ‘ಮುಟ್ಟಿತು’ ಎಂಬ ಉತ್ತರ ಬರುವ ತನಕ ಅದನ್ನು ಅಳಿಸಬಾರದು, ಉತ್ತರ ಬಾರದಿದ್ದರೆ ಪುನಃ ಕಳಿಸಬೇಕು, ಎಷ್ಟು ಯತ್ನಿಸಿದರೂ ಸಾಗದಿದ್ದರೆ ಕೆಲಸ ಕೆಟ್ಟಿತೆಂದು ಒಪ್ಪಿಕೊಳ್ಳಬೇಕು. ಅರ್ಥಾತ್ ಕಳೆದ ಕಟ್ಟಿನ ಹೊಣೆಯು ಪ್ರತಿಯನ್ನು ಉಳ್ಳವನ ಮೇಲಿದೆಯೇ ಹೊರತು ಬರಿಗೈಯವನ ಮೇಲಿಲ್ಲ. ಉಳ್ಳವನಿಗೆ ಮತ್ತೊಮ್ಮೆ ಕೊಡುವ ಶಕ್ತಿಯುಂಟು. ಪಡೆಯಬೇಕಾದವನಿಗೆ ಕಾಯುವದರ ಹೊರತು ಗತಿಯಿಲ್ಲ.

ಈಗ ಈ ಜಾಲವು ಹಳ್ಳಿಯ ಬದುಕಿನೊಳಗೆ ಹೊಕ್ಕಿದೆ. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಫೈಬರ್ ತಂತಿಯನ್ನು ಮುಟ್ಟಿಸುವ ಯೋಜನೆಗೆ ಭಾರತ ಸರಕಾರವು 2011ರಲ್ಲಿ ಒಪ್ಪಿಗೆಯಿತ್ತಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಪಡಿತರದ ಅಂಗಡಿಯಲ್ಲಿ ಬೆರಳೊತ್ತಿದರೆ ಆ ಗುರುತು ದೂರದ ಸರ್ವರಿಗೆ ಹೋಗಿ, ಒಪ್ಪಿಗೆ ಬಂದ ಮೇಲೆ ಅಕ್ಕಿಯ ತೂಕ. ಕಳ್ಳತನವನ್ನು ತಡೆಯುವ ಉದ್ದೇಶವು ಸರಿಯಾದುದೇ. ಪರಂತು ಜಾಲವು ನಿಂತ ದಿನ ಬಾಗಿಲಲ್ಲಿ ಕೇಳಿಬರುವ ಮಾತು ಯಾವದು? ‘ಸರ್ವರ್ ಡೌನ್ ಅದ, ನಾಳಿ ಬಾ ಆಯಿ.’ ಕಟ್ಟು ಕಳೆದದ್ದು ತಂತಿಯಲ್ಲಿ. ದಿನದ ಕೂಲಿ ಕಳೆದದ್ದು ಮುದುಕಿಯದು. ಯಂತ್ರಗಳ ನಡುವೆ ಪಾಲಿಸಲ್ಪಡುವ ನ್ಯಾಯವು ಮನುಷ್ಯರ ನಡುವೆ ತಲೆಕೆಳಗಾಗುವದು.

ಅಂಗಡಿಯವನದೇನು ತಪ್ಪೆಂದು ಕೇಳಬಹುದು. ಅವನದೂ ರೌಟರಿನ ಸ್ಥಾನವೇ. ಅವನನ್ನು ದೂಷಿಸುವದರಿಂದ ಫಲವಿಲ್ಲ. ಧಾನ್ಯವನ್ನೂ ಲೆಕ್ಕದ ಪುಸ್ತಕವನ್ನೂ ಹಿಡಿದಿರುವ ವ್ಯವಸ್ಥೆಯೇ ಇಲ್ಲಿ ಕಳಿಸುವವನು. ದೃಢೀಕರಣವು ವಿಫಲವಾದ ಮಾತ್ರಕ್ಕೆ ಅರ್ಹನಿಗೆ ಸೌಲಭ್ಯವು ತಪ್ಪಬಾರದು, ಗುರುತಿಗೆ ಬೇರೆ ದಾರಿಯಿರಬೇಕು ಎಂಬ ಆಶಯವನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಕಾಣಿಸಿದೆ. ಚೀಟಿಯನ್ನು ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಧಾನ್ಯವನ್ನು ಅಳೆದುಕೊಟ್ಟು, ತಂತಿ ಸರಿಹೋದ ಮೇಲೆ ಲೆಕ್ಕವನ್ನು ಕೂಡಿಸಿದರೆ ಕಾಯ್ದೆಯೂ ಉಳಿಯುವದು, ಒಲೆಯೂ ಉರಿಯುವದು.

ದಾರಿಯು ಎಂದೂ ಕೆಡದಂತೆ ಮಾಡುವದು ಮನುಷ್ಯನ ಕೈಯಲ್ಲಿಲ್ಲ. ಕೆಟ್ಟ ದಿನ ಯಾರು ಎರಡನೆಯ ಸಲ ನಡೆಯಬೇಕೆಂದು ಗೊತ್ತುಮಾಡುವದು ಮಾತ್ರ ಅವನ ಕೈಯಲ್ಲಿಯೇ ಇದೆ.