ಒಂಬತ್ತು ಗಂಟೆಯ ಗೇಟು

ಕಲೂರಿನ ನಮ್ಮ ಫ್ಲಾಟಿನಿಂದ ಗುಂಡ್ಲುಪೇಟೆಯ ಅಮ್ಮನ ಮನೆಗೆ ಹೋಗಬೇಕೆಂದರೆ ಕಲ್ಲಿಕೋಟೆ, ಸುಲ್ತಾನ್ ಬತ್ತೇರಿ, ಮುತ್ತಂಗ ದಾಟಿ ಬಂಡೀಪುರದ ಕಾಡು ಹಾಯಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಬಂದ್. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳೆಂದು ತಂಗಿ ಫೋನ್ ಮಾಡಿದ ದಿನ ಎಷ್ಟೇ ಓಡಿಸಿದರೂ ಗೇಟು ಮುಟ್ಟಿದಾಗ ಒಂಬತ್ತೂ ಇಪ್ಪತ್ತು. ಆಂಬ್ಯುಲೆನ್ಸಿಗೆ ವಿನಾಯಿತಿ ಇದೆ, ಆತಂಕದಲ್ಲಿರುವ ಮಗನಿಗೆ ಇಲ್ಲ. ಕುಟ್ಟ, ಗೋಣಿಕೊಪ್ಪ, ಹುಣಸೂರಿನ ಬಳಸುದಾರಿ ಇತ್ತು. ಹಗಲೆಲ್ಲ ಕಾರು ಓಡಿಸಿದ್ದ ನನಗೆ ಆ ಧೈರ್ಯ ಬರಲಿಲ್ಲ. ಬತ್ತೇರಿಗೆ ಹಿಂತಿರುಗಿ ಲಾಡ್ಜ್ ಹಿಡಿದೆ. ನಿದ್ದೆ ಬರಲಿಲ್ಲ.

ತಮಾಷೆಯೆಂದರೆ, ಈ ನಿಷೇಧಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಆದೇಶ ಹೊರಡಿಸಿ, ಮರುವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿದಾಗ ನಾನು ಬೆಂಗಳೂರಿನಲ್ಲಿದ್ದೆ. ಗಾಡಿಗಳಿಗೆ ಸಿಕ್ಕಿ ಜಿಂಕೆ ಸಾಯುವುದು ನಿಲ್ಲಲಿ ಎನ್ನಲು ನನಗೆ ಏನೂ ಖರ್ಚಿರಲಿಲ್ಲ.

ಬಂಡೀಪುರದ್ದು ಎಲೆ ಉದುರುವ ಒಣಕಾಡು. ತೇಗ, ಮತ್ತಿ, ದಿಂಡಿಗ, ನೆಲ್ಲಿ. ಬೇಸಿಗೆಯಲ್ಲಿ ನೋಡಿದರೆ ಸತ್ತೇ ಹೋಗಿದೆ ಅನ್ನಿಸುತ್ತದೆ. ಸೈಲೆಂಟ್ ವ್ಯಾಲಿಯ ಹಸಿರಿಗಾಗಿ ಕೇರಳದ ಕವಿಗಳೇ ಬೀದಿಗಿಳಿದರು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಬೋಳು ಮರಗಳಿಗಾಗಿ ಅಷ್ಟು ಜನ ಅಳುವುದಿಲ್ಲ. ಆದರೆ ಉಷ್ಣವಲಯದಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವುದು ಒಣಕಾಡೇ ಎಂದು ಡೇನಿಯಲ್ ಜಾನ್ಜನ್ 1988ರಲ್ಲೇ ಬರೆದರು. ಮಧ್ಯ ಅಮೆರಿಕದ ಪೆಸಿಫಿಕ್ ಕರಾವಳಿಯ ಒಣಕಾಡಿನಲ್ಲಿ ಅಖಂಡವಾಗಿ ಉಳಿದದ್ದು ಶೇಕಡಾ 2ಕ್ಕಿಂತ ಕಡಿಮೆ ಎಂಬುದು ಅವರ ಲೆಕ್ಕ. ಇಂಥ ನೆಲ ಉಳುಮೆಗೆ, ದನಕ್ಕೆ, ವಾಸಕ್ಕೆ ಹಿತ. ಒಣಗಿದಾಗ ಬೆಂಕಿಗೂ ಸುಲಭ. ಕೋಸ್ಟರಿಕಾದ ಗ್ವಾನಕಾಸ್ಟೆಯಲ್ಲಿ ಅವರು ಮುಖ್ಯವಾಗಿ ಮಾಡಿದ್ದು ಬೆಂಕಿ ತಡೆದದ್ದು. ಹುಲ್ಲುಗಾವಲಾಗಿದ್ದ ಜಾಗಕ್ಕೆ ಕಾಡು ತಾನೇ ಮರಳತೊಡಗಿತು. ನಮ್ಮ ಬಂಡೀಪುರದಲ್ಲಿ ಲಂಟಾನ ನೆಲವನ್ನೇ ಮುಚ್ಚಿದೆ. 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಉರಿಯಿತು.

ಆ ರಾತ್ರಿ ಲಾಡ್ಜಿನಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಒಂದು ಕಾರು ಹೋದರೆ ಕಾಡಿಗೇನು ನಷ್ಟ? ಏನೂ ಇಲ್ಲ, ನಿಜ. ಪ್ರಾಜೆಕ್ಟಿನಲ್ಲಿ ಕ್ಲೈಂಟು ಕೇಳುವ ಪ್ರತಿ ಸಣ್ಣ ಬದಲಾವಣೆಯೂ ನ್ಯಾಯವೇ ಆಗಿರುತ್ತದೆ. ನಲವತ್ತು ನ್ಯಾಯವಾದ ಬದಲಾವಣೆಗಳಾದ ಮೇಲೆ ಪ್ರಾಜೆಕ್ಟು ಮುಳುಗಿರುತ್ತದೆ. ಅಲ್ಲಿ ‘ಆಗೋದಿಲ್ಲ’ ಎನ್ನುವುದೇ ನನ್ನ ಸಂಬಳದ ಕೆಲಸ. ಗೇಟಿನಲ್ಲಿ ಅದೇ ಮಾತು ಕೇಳಿದಾಗ ಮಾತ್ರ ನನ್ನ ಕಾರಣ ಎಲ್ಲರದಕ್ಕಿಂತ ದೊಡ್ಡದು ಅನ್ನಿಸಿತ್ತು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ಮತ್ತೆ ಬೆಂಗಳೂರಿನ ಚಪ್ಪಾಳೆಯವನೇ. ನನ್ನದು ಒಂದು ರಾತ್ರಿ. ವಯನಾಡಿನವರದು ಪ್ರತಿ ರಾತ್ರಿ. 2019ರಲ್ಲಿ ಬತ್ತೇರಿಯಲ್ಲಿ ಅವರು ಉಪವಾಸ ಕೂತದ್ದು ಕಾಡಿನ ಮೇಲಿನ ದ್ವೇಷದಿಂದಲ್ಲ. ನನ್ನ ಟೀಮಿನ ಬತ್ತೇರಿಯ ಹುಡುಗ ಕಥೆ ಕೇಳಿ ನಕ್ಕ. “ಸಾರ್, ಕಾಡು ಎಲ್ಲರದ್ದು. ಕಾಯೋದು ಮಾತ್ರ ನಾವು.” ಅವನು ಹೇಳಿದ್ದು ಗೇಟಿನ ಮುಂದೆ ಕಾಯುವುದನ್ನು. ಕನ್ನಡದಲ್ಲಿ ಆ ಮಾತಿಗೆ ಕಾಪಾಡುವುದು ಎಂಬ ಅರ್ಥವೂ ಇದೆಯೆಂದು ಹೇಳಹೊರಟವನು ಸುಮ್ಮನಾದೆ. ಅವನಿಗೆ ಅದರಿಂದ ಏನೂ ಸಿಗುವುದಿರಲಿಲ್ಲ.

ಗೇಟು ಇರಲಿ ಎಂದೇ ಇವತ್ತಿಗೂ ನನ್ನ ಮತ. ಬಳಸುದಾರಿ ಚೆನ್ನಾಗಿರಲಿ, ಗಡಿಯ ಈಚೆಗೊಂದು ಒಳ್ಳೆಯ ಆಸ್ಪತ್ರೆ ಇರಲಿ, ಅದಕ್ಕೆ ನನ್ನ ತೆರಿಗೆಯೂ ಹೋಗಲಿ ಎಂಬುದನ್ನು ಈಗ ಅದರ ಜೊತೆಗೇ ಹೇಳುತ್ತೇನೆ.

ಬೆಳಿಗ್ಗೆ ಆರಕ್ಕೆ ಗೇಟು ತೆರೆಯಿತು. ರಸ್ತೆಯಂಚಿನಲ್ಲಿ ಜಿಂಕೆಗಳು ಇನ್ನೂ ಮೇಯುತ್ತಿದ್ದವು. ಅಮ್ಮನ ಕೈಗೆ ಪ್ಲಾಸ್ಟರ್ ಹಾಕಿದ್ದರು. “ಇಷ್ಟು ಬೇಗ ಹೇಗೆ ಬಂದ್ಯೋ?” ಅಂದಳು.